ಕೇಪ್‌ಟೌನ್ ಸುತ್ತಲಿನ ವೈನ್ ತೋಟಗಳಿಗೆ ಎರಡೇ ದಿನ ಇದೆ, ಎಲ್ಲಿಗೆ ಹೋಗಲಿ?

ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ತೋಟ ಇಟ್ಟುಕೊಳ್ಳಿ. ಅದಕ್ಕೂ ಮೀರಿದರೆ ನಾಲಿಗೆಗೆ ರುಚಿಯ ವ್ಯತ್ಯಾಸವೇ ತಿಳಿಯುವುದಿಲ್ಲ.

ಮೊದಲ ದಿನ ಫ್ರಾನ್ಶ್‌ಹುಕ್‌ಗೆ ಹೋಗಿ ಅನ್ನುತ್ತೇನೆ. 1688ರ ಹೊತ್ತಿಗೆ ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನಾಟ್ (ಫ್ರೆಂಚ್ ಪ್ರೊಟೆಸ್ಟಂಟ್ ಕ್ರೈಸ್ತ) ನಿರಾಶ್ರಿತರು ನೆಲೆಸಿದ ಕಣಿವೆ ಅದು. ಸುತ್ತ ಬೆಟ್ಟ, ನಡುವೆ ದ್ರಾಕ್ಷಿ ಸಾಲು. ಅಲ್ಲಿನ ವೈನ್ ಟ್ರಾಮ್ ನನಗೆ ತುಂಬಾ ಇಷ್ಟ. ಒಂದು ತೋಟದಲ್ಲಿ ಇಳಿದು, ರುಚಿ ನೋಡಿ, ಆಮೇಲೆ ಬರುವ ಟ್ರಾಮ್ ಅಥವಾ ಬಸ್ಸಿನಲ್ಲಿ ಮುಂದಿನದಕ್ಕೆ ಹೋಗಬಹುದು. ಕುಡಿದು ಕಾರು ಓಡಿಸುವ ಅಪಾಯವೇ ಇಲ್ಲ. ಟಿಕೆಟ್ ಮಾತ್ರ ಮೊದಲೇ ಕಾಯ್ದಿರಿಸಿ.

ಎರಡನೇ ದಿನ ಸ್ಟೆಲೆನ್‌ಬಾಷ್. ಅಲ್ಲಿ ಪಿನೋಟಾಜ್ ಎಂಬ ಕೆಂಪು ವೈನ್ ಕೇಳಿ ಕುಡಿಯಿರಿ. 1925ರಲ್ಲಿ ವಿಜ್ಞಾನಿ ಅಬ್ರಹಾಂ ಪೆರೋಲ್ಡ್ ಪಿನೋ ನ್ವಾರ್ ಮತ್ತು ಸ್ಯಾನ್ಸೋ ಎಂಬ ಎರಡು ದ್ರಾಕ್ಷಿ ತಳಿಗಳನ್ನು ಬೆರೆಸಿ ಅದೇ ಊರಿನಲ್ಲಿ ಹುಟ್ಟಿಸಿದ ದ್ರಾಕ್ಷಿ ತಳಿಯ ವೈನ್ ಅದು. ಮೊದಲ ಗುಟುಕು ಒರಟೆನಿಸಿದರೂ ಬಿಡಬೇಡಿ, ಊಟದ ಜೊತೆ ಚೆನ್ನಾಗಿ ಹೊಂದುತ್ತದೆ.

ವೈನ್ ಕುಡಿಯದವರು ಜೊತೆಗಿದ್ದರೆ ಬ್ಯಾಬಿಲೋನ್‌ಸ್ಟೋರೆನ್ ಎಂಬ ವೈನ್ ತೋಟವನ್ನು ಸೇರಿಸಿಕೊಳ್ಳಿ. ಅಲ್ಲಿನ ಹಣ್ಣು-ತರಕಾರಿ ತೋಟದಲ್ಲೇ ಅರ್ಧ ದಿನ ಕಳೆಯುತ್ತದೆ. ಊರು ಬಿಟ್ಟು ದೂರ ಹೋಗಲಾಗದಿದ್ದರೆ ಕೇಪ್‌ಟೌನ್‌ನಲ್ಲೇ 1685ರ ಗ್ರೂಟ್ ಕಾನ್‌ಸ್ಟಾನ್ಶಿಯಾ ವೈನ್ ತೋಟ ಇದೆ. ಫೆಬ್ರವರಿ-ಮಾರ್ಚ್‌ನಲ್ಲಿ ಹೋದರೆ ಕೊಯ್ಲೂ ಕಾಣಸಿಗುತ್ತದೆ.