ರಾಜೀನಾಮೆಗೆ ಸಹಿ ಹಾಕದಿರಬೇಕಾದರೆ ಮನೆಯಲ್ಲಿ ಅಕ್ಕಿ ಇರಬೇಕು

ದೊಡ್ಡಬಳ್ಳಾಪುರದ ಕಡೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅವರ ಬಡಾವಣೆಯ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ತಮ್ಮದೇ ಯೂನಿಯನ್ ಕಟ್ಟಲು ಹೊರಟ 11 ಹೆಣ್ಣುಮಕ್ಕಳನ್ನು ಕೆಲಸದಿಂದ ತೆಗೆದಿದ್ದಾರಂತೆ. ಅವರ ಪ್ರಶ್ನೆಗಳು ಮೂರು: ಕಾರ್ಖಾನೆಯೊಳಗೆ ಸಮಿತಿ ಇದ್ದೇ ಇರುವಾಗ ಬೇರೆ ಸಂಘ ಯಾಕೆ? ಕೋರ್ಟಿಗೆ ಅಲೆಯುವ ಬದಲು ಬೇರೆ ಕಡೆ ಕೆಲಸ ಹುಡುಕಿಕೊಡುವುದೇ ಉಪಕಾರವಲ್ಲವೇ? ಮನವಿಗೆ ಸಹಿ ಹಾಕುವುದು ಬಿಟ್ಟರೆ ನನ್ನಂಥವರು ಇನ್ನೇನು ಮಾಡಬಹುದು?

ಮೇಷ್ಟ್ರೇ, ಮೂರನೆಯದನ್ನು ಕೇಳಿದ್ದಕ್ಕೆ ನಿಮಗೆ ನಮಸ್ಕಾರ. ಮೊದಲಿನ ಎರಡರ ವಿಚಾರದಲ್ಲಿ ನಿಮ್ಮೊಡನೆ ಜಗಳವಿದೆ.

ಮಾಲೀಕರಿಗೂ ಕಷ್ಟವಿದೆ, ಒಪ್ಪೋಣ. ಶಿಪ್‌ಮೆಂಟ್ ತಾರೀಕು ತಪ್ಪಿದರೆ ವಿಮಾನದಲ್ಲಿ ಮಾಲು ಕಳಿಸುವ ಖರ್ಚು ಅವರ ತಲೆಗೇ ಬರುತ್ತದೆ. ಆದರೆ ಆ ಒತ್ತಡವೆಲ್ಲ ಸೂಪರ್‌ವೈಸರ್ ಬಾಯಿಂದ ಬೈಗುಳವಾಗಿ ಇಳಿಯುವುದು ಹೊಲಿಗೆ ಮೆಷೀನಿನ ಮುಂದೆ ಕೂತವಳ ಮೇಲೆ. ಅದನ್ನು ಹೇಳಿಕೊಳ್ಳಲು ಅವಳಿಗೆ ಜಾಗ ಬೇಕು. ನೀವು ಹೇಳುವ ಸಮಿತಿಯಲ್ಲಿ ಅರ್ಧ ಜನ ಆಡಳಿತದವರೇ. ಸಂಬಳದ ಒಪ್ಪಂದ ಮಾಡಿಕೊಳ್ಳುವುದು ಅದರ ಕೆಲಸವೂ ಅಲ್ಲ. ಕ್ಯಾಂಟೀನಿನ ಸಾರು, ಶೌಚಾಲಯದ ನೀರು, ಅಷ್ಟಕ್ಕೇ ಅದು ಮುಗಿಯುತ್ತದೆ. ತಮಿಳುನಾಡಿನ ಶ್ರೀಪೆರಂಬುದೂರಿನ ಸ್ಯಾಮ್ಸಂಗ್ ಕಾರ್ಖಾನೆಯಲ್ಲಿ 2024ರ ಸೆಪ್ಟೆಂಬರ್ 9ರಿಂದ ಒಂದು ತಿಂಗಳಿಗೂ ಮೀರಿ ಮುಷ್ಕರ ನಡೆದದ್ದು ಇದೇ ವಿಚಾರಕ್ಕೆ. ಆಡಳಿತ ಕಾರ್ಮಿಕರ ಸಮಿತಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿತು, ಕಾರ್ಮಿಕರು ತಾವೇ ಕಟ್ಟಿದ ಸಂಘವನ್ನು ಮಾತ್ರ ಒಪ್ಪಲಿಲ್ಲ. ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2025ರ ಜನವರಿಯಲ್ಲಿ ಆ ಸಂಘದ ನೋಂದಣಿಯಾಯಿತು.

ನೋಂದಣಿಗೆ ಕಾರ್ಖಾನೆಯ ನೂರಕ್ಕೆ ಹತ್ತರಷ್ಟು ಅಥವಾ 100 ಕೆಲಸಗಾರರು, ಯಾವುದು ಕಡಿಮೆಯೋ ಅಷ್ಟು ಮಂದಿ ಸದಸ್ಯರಿರಬೇಕು. ಏನೇ ಆದರೂ 7ಕ್ಕಿಂತ ಕಡಿಮೆ ಇರುವಂತಿಲ್ಲ. ಅರ್ಜಿಯಲ್ಲಿ ಹೆಸರು, ಸಹಿ ಬರಲೇಬೇಕು. ಆ ಹೆಸರುಗಳು ಆಡಳಿತಕ್ಕೆ ಗೊತ್ತಾದ ವಾರದಲ್ಲೇ ಮುಂದಾಳುಗಳ ಕೆಲಸ ಹೋಗುತ್ತದೆ.

ಹೇಗೆ ಹೋಗುತ್ತದೆ ಅನ್ನುವುದನ್ನು ನೋಡಿ. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಒಬ್ಬಳನ್ನೇ ಎಚ್‌ಆರ್ ರೂಮಿಗೆ ಕರೆಯುತ್ತಾರೆ. ಮೊಬೈಲು ಮೇಜಿನ ಮೇಲಿಡಿಸುತ್ತಾರೆ. 'ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ' ಎಂದು ಟೈಪ್ ಮಾಡಿದ ಹಾಳೆಯೂ ಪಕ್ಕದಲ್ಲಿ ಒಂದು ಚೆಕ್ಕೂ ಇರುತ್ತವೆ. ಸಹಿ ಹಾಕಿದರೆ ಅದು ವಜಾ ಅಲ್ಲ, ರಾಜೀನಾಮೆ. ಹಾಕದಿದ್ದರೆ ಮರುದಿನ ಗೇಟಿನಲ್ಲೇ ಸೆಕ್ಯುರಿಟಿಯವರು ತಡೆಯುತ್ತಾರೆ, ಕೈಗೆ ಒಂದು ಚೀಟಿಯೂ ಸಿಗುವುದಿಲ್ಲ. ಅವಳು ಅತ್ತುಕೊಂಡು ಮನೆ ಸೇರಿದರೆ ಕೆಲವೇ ದಿನಗಳಲ್ಲಿ 'ತಿಳಿಸದೆ ಗೈರುಹಾಜರಾಗಿದ್ದೀರಿ' ಎಂದು ನೋಟಿಸ್ ಬರುತ್ತದೆ. ಎಷ್ಟೋ ಕೇಸುಗಳು ಇಲ್ಲೇ ಬಿದ್ದುಹೋಗುತ್ತವೆ, ಕೋರ್ಟಿನ ಬಾಗಿಲಿಗೂ ಬರುವುದಿಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸ, ಆ ಹೆಣ್ಣುಮಕ್ಕಳಿಗೆ ಪತ್ರ ಬರೆದುಕೊಡುವುದು. ಗೇಟಿನಲ್ಲಿ ತಡೆದ ದಿನವೇ 'ನಾನು ಕೆಲಸಕ್ಕೆ ಬಂದಿದ್ದೆ, ಇಂಥ ಹೊತ್ತಿಗೆ ತಡೆದರು, ಈಗಲೂ ಕೆಲಸಕ್ಕೆ ಸಿದ್ಧಳಿದ್ದೇನೆ' ಎಂದು ನಾಲ್ಕು ಸಾಲು ಬರೆದು ಆಡಳಿತಕ್ಕೆ ಸ್ಪೀಡ್ ಪೋಸ್ಟ್ ಮಾಡಿಸಿ, ಪ್ರತಿಯನ್ನು ಕಾರ್ಮಿಕ ಅಧಿಕಾರಿಗೆ ಕಳಿಸಿ, ರಸೀದಿ ಜೋಪಾನವಾಗಿಡಿ. ಬಲವಂತದಿಂದ ಸಹಿ ಹಾಕಿಸಿಕೊಂಡಿದ್ದರೆ ಮರುದಿನವೇ ಅದನ್ನು ಬರೆದು ತಿಳಿಸಬೇಕು. ತಿಂಗಳು ಬಿಟ್ಟು ಹೇಳಿದರೆ ನಂಬುವವರಿಲ್ಲ. ನೇಮಕಾತಿ ಪತ್ರ ಬಹಳ ಮಂದಿಯ ಹತ್ತಿರ ಇರುವುದಿಲ್ಲ. ಅದಿಲ್ಲದಿದ್ದರೆ ಪಿಎಫ್ ಪಾಸ್‌ಬುಕ್ಕು, ಇಎಸ್‌ಐ ಕಾರ್ಡು, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕ ಸಾಕ್ಷಿಯಾಗುತ್ತವೆ. ಪಿಎಫ್ ಹಣ ಪೂರ್ತಿ ತೆಗೆಯಬೇಡಿ ಎಂದು ಹೇಳಿ. ತೆಗೆದರೆ 'ತಾನಾಗಿಯೇ ಬಿಟ್ಟು ಲೆಕ್ಕ ಚುಕ್ತಾ ಮಾಡಿಕೊಂಡಳು' ಎಂದು ವಾದಿಸಲು ಎದುರು ವಕೀಲರಿಗೆ ದಾರಿ ಸಿಗುತ್ತದೆ.

ಆಮೇಲೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಅರ್ಜಿ. ಅಲ್ಲಿ ಇತ್ಯರ್ಥವಾಗದಿದ್ದರೆ, ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ವಜಾ ಆದವಳು ತಾನೇ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು, ಸರ್ಕಾರ ಕಳಿಸಿಕೊಡಲಿ ಎಂದು ಕಾಯಬೇಕಿಲ್ಲ. ಹಳೆಯ ಕಾಯ್ದೆಯಲ್ಲಿ ಇದಕ್ಕೆ ವಜಾ ಆದ ದಿನದಿಂದ 3 ವರ್ಷ ಅವಕಾಶವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಅದನ್ನು 2 ವರ್ಷಕ್ಕೆ ಇಳಿಸಿದೆ.

ಬೇರೆ ಕೆಲಸ ಕೊಡಿಸುವ ನಿಮ್ಮ ಮಾತಿಗೆ ಬರುತ್ತೇನೆ. ಅನ್ಯಾಯದ ವಜಾ ಎಂದು ತೀರ್ಮಾನವಾದರೆ ಕೆಲಸದ ಜೊತೆಗೆ ಹಿಂಬಾಕಿ ಸಂಬಳವನ್ನೂ ಕೊಡುವುದೇ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಅದು ನಿಮ್ಮದೇ ವೃತ್ತಿಯ ಶಿಕ್ಷಕಿಯೊಬ್ಬರ ಪ್ರಕರಣ. ಆದರೆ ಈ ಮಧ್ಯೆ ತನಗೆ ಅಷ್ಟೇ ಸಂಬಳದ ಕೆಲಸ ಬೇರೆಲ್ಲೂ ಇರಲಿಲ್ಲ ಎಂದು ವಜಾ ಆದವಳು ಹೇಳಬೇಕು. ನೀವು ಕನಿಕರದಿಂದ ಕೊಡಿಸಿದ ಕೆಲಸವೇ ಅವಳ ಹಿಂಬಾಕಿಯನ್ನು ಕತ್ತರಿಸಬಹುದು. ಅದಕ್ಕಿಂತ ಮುಖ್ಯವಾಗಿ, 11 ಮಂದಿಯೂ ಬೇರೆ ಗೇಟು ಸೇರಿಕೊಂಡರೆ ಒಳಗೆ ಉಳಿದವರು ಇನ್ನು ಬಾಯಿ ಬಿಡುವುದಿಲ್ಲ. ಆಡಳಿತಕ್ಕೆ ಬೇಕಿದ್ದದ್ದೂ ಅದೇ.

ಅವರಿಗೆ ಬೇಕಾದದ್ದು ಕಾಯುವ ಶಕ್ತಿ. ತಲಾ 8,000 ರೂಪಾಯಿಯಂತೆ 11 ಮನೆಗೆ ತಿಂಗಳಿಗೆ 88,000. ತಿಂಗಳಿಗೆ 200 ಕೊಡುವ 440 ಜನ ಸಿಕ್ಕರೆ ಸಾಕು. ನಿಮ್ಮ ಹಳೆಯ ವಿದ್ಯಾರ್ಥಿಗಳನ್ನೇ ಕೇಳಿ ನೋಡಿ. ಒಂದೇ ಸಲ ದೊಡ್ಡ ಮೊತ್ತ ಬಂದು ನಿಂತುಹೋದರೆ ಮೂರನೇ ತಿಂಗಳು ಬಾಡಿಗೆ ಕಟ್ಟಲಾಗದೆ ರಾಜೀನಾಮೆಗೆ ಸಹಿ ಬೀಳುತ್ತದೆ. ಸಣ್ಣದಾದರೂ ಪ್ರತಿ ತಿಂಗಳು 5ನೇ ತಾರೀಕಿನೊಳಗೆ ತಲುಪಬೇಕು. ಎಲ್ಲರಿಗೂ ಸಮನಾಗಿ ಕೊಡಿ. ಮುಂದಾಳಿಗೆ ಹೆಚ್ಚು ಅಂದ ತಕ್ಷಣ ಒಡಕು ಶುರು. ಖಾತೆಗೆ ಇಬ್ಬರ ಸಹಿ ಇರಲಿ, ಅದರಲ್ಲಿ ಒಬ್ಬರು ವಜಾ ಆದವರೇ ಆಗಿರಲಿ. ತಿಂಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ತೋರಿಸಿ.

ಕಾರ್ಖಾನೆಯಿಂದ ಬಟ್ಟೆ ಕೊಳ್ಳುವ ಬ್ರ್ಯಾಂಡಿನವರಿಗೆ ಪತ್ರ ಬರೆಯುವುದಾದರೆ ಬಟ್ಟೆಯ ಲೇಬಲ್, ಪೆಟ್ಟಿಗೆಯ ಮೇಲಿನ ಸ್ಟೈಲ್ ನಂಬರು, ವಜಾ ಆದ ತಾರೀಕು ಹಾಕಿ, 'ಇವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಿ' ಎಂದಷ್ಟೇ ಕೇಳಿ. ಆರ್ಡರ್ ನಿಲ್ಲಿಸಿ ಎಂದು ಮಾತ್ರ ಬರೆಯಬೇಡಿ. ಆರ್ಡರ್ ಹೋದರೆ ಇಡೀ ಲೈನು ಮುಚ್ಚುತ್ತದೆ, ಒಳಗಿನ ಅಕ್ಕತಂಗಿಯರೇ ಇವರಿಗೆ ಎದುರಾಗುತ್ತಾರೆ.

ಇಷ್ಟೆಲ್ಲವನ್ನೂ ಊರವರು ಚಂದಾ ಎತ್ತಿ ಮಾಡಬೇಕಾಗಿ ಬಂದಿದೆಯಲ್ಲ, ನನ್ನ ಸಿಟ್ಟು ಅದಕ್ಕೆ. ಸಂಘ ಕಟ್ಟುವ ಸ್ವಾತಂತ್ರ್ಯದ ಬಗೆಗಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 87 ಮತ್ತು 98ನೇ ಒಡಂಬಡಿಕೆಗಳು 1948, 1949ರಲ್ಲೇ ಬಂದವು. ನಮ್ಮ ದೇಶ ಇವತ್ತಿಗೂ ಅವನ್ನು ಅನುಮೋದಿಸಿಲ್ಲ. ಪತ್ರಿಕೆಗಳಾದ ನಾವೂ ಅಷ್ಟೇ: ಷೇರುಪೇಟೆಗೆ ದಿನವೂ ಪುಟ ಕೊಡುತ್ತೇವೆ, ಕಾರ್ಮಿಕರ ಸುದ್ದಿಗೆ ಕಲ್ಲು ಬಿದ್ದ ದಿನ ಮಾತ್ರ ಜಾಗ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ತಡೆ ಹಾಕಿದ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ಹೆದ್ದಾರಿಗೆ ಇಳಿದಾಗ ಸುದ್ದಿಯಾದದ್ದು ಟ್ರಾಫಿಕ್ ಜಾಮ್. ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು; ಅದನ್ನು ಗೆದ್ದುಕೊಟ್ಟವರು ಯಾರೆಂದು ಎಷ್ಟು ಮಂದಿ ಬರೆದರು?

ಪತ್ರದ ಜೊತೆ ನೀವು ಕಳಿಸಿದ ಫೋಟೊವನ್ನು ಛಾಪಿಸುತ್ತಿಲ್ಲ. ಮುಖ ಗುರುತು ಸಿಕ್ಕರೆ ಸುತ್ತಲಿನ ಯಾವ ಗೇಟಿನಲ್ಲೂ ಅವರನ್ನು ಸೇರಿಸುವುದಿಲ್ಲ. ಹಣವನ್ನೂ ನಮ್ಮ ಕಚೇರಿಗೆ ಕಳಿಸಬೇಡಿ, ನೇರವಾಗಿ ಇಬ್ಬರ ಸಹಿಯ ಆ ಖಾತೆಗೇ ಹಾಕಿ ರಸೀದಿ ಪಡೆಯಿರಿ. ಸಂಧಾನದ ತಾರೀಕು ಗೊತ್ತಾದ ಕೂಡಲೇ ಬರೆಯಿರಿ, ನಮ್ಮ ವರದಿಗಾರರನ್ನು ಕಳಿಸುತ್ತೇವೆ.

– ಸಂ.