ಗಿಟಾರ್ ಪೆಡಲ್ ಸ್ವಿಚರ್: ‘ಟಪ್’ ಸದ್ದು ಕೋಡ್‌ನಿಂದ ಬರುವುದಿಲ್ಲ

ಪ್ರಶ್ನೆ: ನನ್ನ ಬಳಿ ನಾಲ್ಕು ಗಿಟಾರ್ ಎಫೆಕ್ಟ್ ಪೆಡಲ್‌ಗಳಿವೆ. ಹಾಡಿನ ಮಧ್ಯೆ ಎರಡು ಮೂರನ್ನು ಒಟ್ಟಿಗೆ ಬದಲಿಸುವುದು ಕಷ್ಟ. ಅದಕ್ಕೇ ಆರ್ಡುಯಿನೊ ನ್ಯಾನೊ (ಕೋಡ್ ಬರೆದು ನಡೆಸುವ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್) ಮತ್ತು ನಾಲ್ಕು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಇರುವ ನೀಲಿ ಮಾಡ್ಯೂಲ್ ಬಳಸಿ ಸ್ವಿಚರ್ ಮಾಡಿದೆ. ಒಂದೇ ಒತ್ತಿಗೆ ಬೇಕಾದ ಪೆಡಲ್‌ಗಳು ಬರುತ್ತವೆ. ಆದರೆ ಬದಲಿಸುವಾಗ ಆಂಪ್‌ನಲ್ಲಿ ‘ಟಪ್’ ಅನ್ನುತ್ತದೆ. ಹಿಂದೆ ಸಣ್ಣ ಶಿಳ್ಳೆಯಂಥ ಸದ್ದಿದೆ. ನಾಲ್ಕೂ ಆನ್ ಆದರೆ ಕೆಲವೊಮ್ಮೆ ನ್ಯಾನೊ ರೀಸೆಟ್ ಆಗುತ್ತದೆ. ಎಲ್ಲಕ್ಕೂ ಒಂದೇ 9 ವೋಲ್ಟ್ ಅಡಾಪ್ಟರ್. ರಿಲೇಗಳಿಗೆ ನ್ಯಾನೊದ 5 ವೋಲ್ಟ್ ಪಿನ್‌ನಿಂದ ಕೊಟ್ಟಿದ್ದೇನೆ. ಎಲ್‌ಇಡಿಗಳು ಕಣ್ಣಿಗೆ ಕುಕ್ಕುತ್ತಿದ್ದವು, ಕೋಡ್‌ನಲ್ಲಿ ಅನಲಾಗ್‌ರೈಟ್ ಆದೇಶ ಹಾಕಿ ಬೆಳಕು ಇಳಿಸಿದ್ದೇನೆ. ಮೈಕ್ರೊಕಂಟ್ರೋಲರ್ ಹಾಕಿದರೆ ಟೋನ್ ಕೆಡುತ್ತದೆ ಅಂತಾರೆ ಬ್ಯಾಂಡಿನವರು. ನಿಜವೇ?
ಓದುಗರು, ಹುಬ್ಬಳ್ಳಿ

ಉತ್ತರ: ಗಿಟಾರಿನ ಸಿಗ್ನಲ್ ನಿಮ್ಮ ನ್ಯಾನೊ ಒಳಗೆ ಹೋಗುವುದೇ ಇಲ್ಲ, ಅಲ್ವಾ? ಅದು ರಿಲೇಯ ಕಾಂಟ್ಯಾಕ್ಟ್ ದಾಟಿ ಹೋಗುತ್ತದೆ ಅಷ್ಟೇ. ಹಾಗಾಗಿ ಕೋಡ್ ತಿದ್ದುತ್ತಾ ಕೂರಬೇಡಿ. ತೊಂದರೆ ಇರುವುದು ರಿಲೇ, ಪವರ್ ಮತ್ತು ವೈರಿಂಗ್‌ನಲ್ಲಿ. ಆದರೂ ಬ್ಯಾಂಡಿನವರ ಕಿವಿ ಸುಳ್ಳು ಹೇಳುತ್ತಿರಲಿಕ್ಕಿಲ್ಲ.

ಆ ನೀಲಿ ರಿಲೇಗಳು ಫ್ಯಾನ್, ಬಲ್ಬ್ ಹಚ್ಚಲು ಮಾಡಿದವು. ಕಾಂಟ್ಯಾಕ್ಟ್ 10 ಆಂಪಿಯರ್‌ನದು. ಗಿಟಾರಿನಿಂದ ಬರುವುದು ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಕಡಿಮೆ, ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು. ಇಷ್ಟು ಸಣ್ಣ ಸಿಗ್ನಲ್‌ಗೆ ಚಿನ್ನದ ಲೇಪವಿರುವ ಕಾಂಟ್ಯಾಕ್ಟ್ ಬೇಕು. ಇನ್ನೊಂದು ಸಂಗತಿ, ಇವು ಒಂದೇ ಪೋಲ್‌ನವು (ಒಂದು ರಿಲೇ ಒಂದೇ ತಂತಿಯನ್ನು ಬದಲಿಸುತ್ತದೆ). ಪೆಡಲ್‌ಗೆ ಒಂದರಂತೆ ಹಾಕಿದ್ದೀರಿ, ಅಂದರೆ ಪೆಡಲ್‌ನ ಒಂದು ತುದಿ ಮಾತ್ರ ಕಳಚಿಕೊಳ್ಳುತ್ತದೆ. ಔಟ್‌ಪುಟ್ ಕಡೆ ಮಾತ್ರ ಬದಲಿಸಿದ್ದರೆ, ಆಫ್ ಆದ ಪೆಡಲ್‌ನ ಇನ್‌ಪುಟ್ ಗಿಟಾರಿಗೆ ಅಂಟಿಕೊಂಡೇ ಇರುತ್ತದೆ. ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಭಾಗ) ಮೇಲೆ ಭಾರ ಬಿದ್ದು ಮೇಲಿನ ಸ್ವರಗಳ ಹೊಳಪು ಕುಗ್ಗುತ್ತದೆ. ಟೋನ್ ಕೆಟ್ಟಿತು ಅಂತ ಅವರಿಗೆ ಅನ್ನಿಸಿದ್ದು ಇದಕ್ಕೇ ಇರಬಹುದು.

ಎರಡು ಪೋಲ್‌ನ ಸಣ್ಣ ಸಿಗ್ನಲ್ ರಿಲೇ ತಂದುಕೊಳ್ಳಿ. ಪ್ಯಾನಸಾನಿಕ್ ಟಿಕ್ಯೂ2 ಮಾದರಿಯವು ಚೆನ್ನಾಗಿವೆ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ವಿಚಾರಿಸಿ ನೋಡಿ. ಅದರ 5 ವೋಲ್ಟ್ ಕಾಯಿಲ್ (ಕಾಂಟ್ಯಾಕ್ಟನ್ನು ಎಳೆಯುವ ತಂತಿ ಸುರುಳಿ) ಸುಮಾರು 28 ಮಿಲಿಆಂಪ್ ತೆಗೆದುಕೊಳ್ಳುತ್ತದೆ. ನಿಮ್ಮ ನೀಲಿ ರಿಲೇಗಳು ತಲಾ 70ರ ಆಸುಪಾಸು. ನಾಲ್ಕಕ್ಕೆ 280. ನ್ಯಾನೊದ ಪುಟ್ಟ ರೆಗ್ಯುಲೇಟರ್ 9 ವೋಲ್ಟನ್ನು 5ಕ್ಕೆ ಇಳಿಸುತ್ತಾ ಇಷ್ಟು ಕರೆಂಟ್ ಕೊಟ್ಟರೆ ಒಂದು ವಾಟ್‌ಗಿಂತ ಜಾಸ್ತಿ ಬಿಸಿ ಅದರ ಮೇಲೇ ಬೀಳುತ್ತದೆ. ರೀಸೆಟ್ ಆಗದೆ ಇನ್ನೇನಾದೀತು! ರಿಲೇಗಳಿಗೆ ಬೇರೆ 7805 (5 ವೋಲ್ಟ್ ಕೊಡುವ ರೆಗ್ಯುಲೇಟರ್) ಹಾಕಿ.

ಹೊಸ ರಿಲೇಗಳನ್ನು ನೇರ ಪಿನ್‌ಗೆ ಜೋಡಿಸಬೇಡಿ. ಪಿನ್‌ನ ಪರಮ ಮಿತಿ 40 ಮಿಲಿಆಂಪ್, ಅದರ ಹತ್ತಿರ ಹೋಗುವುದೇ ಬೇಡ. ನಡುವೆ ಕಾಯಿಲ್‌ನ ಕರೆಂಟ್ ಹೊರುವ ಯುಎಲ್‌ಎನ್2803 ಚಿಪ್ ಇರಲಿ. ರಿಲೇ ಆಫ್ ಆಗುವಾಗ ಕಾಯಿಲ್ ಎಸೆಯುವ ವೋಲ್ಟೇಜನ್ನು ನುಂಗುವ ಡಯೋಡ್‌ಗಳು ಅದರೊಳಗೇ ಇವೆ. ಆದರೆ 10ನೇ ಕಾಲನ್ನು 5 ವೋಲ್ಟ್‌ಗೆ ಜೋಡಿಸಿದರೆ ಮಾತ್ರ ಅವು ಕೆಲಸ ಮಾಡುವುದು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ಈಗ ‘ಟಪ್’. ಪೆಡಲ್‌ನ ಇನ್‌ಪುಟ್, ಔಟ್‌ಪುಟ್‌ನಲ್ಲಿ ಕೆಪಾಸಿಟರ್ ಇರುತ್ತದೆ. ಅದು ಚೂರು ಲೀಕ್ ಆದರೂ, ತಂತಿ ಎಲ್ಲೂ ತಾಗದೆ ತೇಲುತ್ತಿರುವಾಗ ತುದಿಯಲ್ಲಿ ಡಿಸಿ ವೋಲ್ಟೇಜ್ ಕೂಡಿಕೊಳ್ಳುತ್ತದೆ. ರಿಲೇ ಜೋಡಿಸಿದ ಕ್ಷಣ ಅದೆಲ್ಲ ಆಂಪ್‌ಗೆ ಹಾರುತ್ತದೆ. ಪ್ರತಿ ಲೂಪ್‌ನ (ರಿಲೇಯಿಂದ ಪೆಡಲ್‌ಗೆ ಹೋಗಿ ಬರುವ ದಾರಿ) ಎರಡೂ ತುದಿಯಿಂದ ಗ್ರೌಂಡ್‌ಗೆ 1 ಮೆಗಾಓಮ್ ರೆಸಿಸ್ಟರ್ ಹಾಕಿ. ಎಷ್ಟೋ ಸಲ ಇಷ್ಟೇ ಸಾಕು. ಇನ್ನೂ ಉಳಿದರೆ ಔಟ್‌ಪುಟ್‌ಗೆ ಒಂದು ಫೋಟೊಮಾಸ್ ರಿಲೇ (ಬೆಳಕಿನಿಂದ ನಡೆಯುವ, ಅಲುಗುವ ಭಾಗವಿಲ್ಲದ ರಿಲೇ) ಹಾಕಿ ಮ್ಯೂಟ್ ಮಾಡಿಸಿ: ಮೊದಲು ಮ್ಯೂಟ್, ಆಮೇಲೆ ರಿಲೇ ಬದಲು, ಕಾಂಟ್ಯಾಕ್ಟ್ ನೆಲೆಗೊಳ್ಳಲು 10 ಮಿಲಿಸೆಕೆಂಡ್, ನಂತರ ಮ್ಯೂಟ್ ತೆಗೆಯುವುದು. ಮೈಕ್ರೊಕಂಟ್ರೋಲರ್ ಹಾಕಿದ್ದಕ್ಕೆ ನಿಜವಾದ ಲಾಭ ಇಲ್ಲಿದೆ. ಕಾಲಿನಿಂದ ಒತ್ತುವ ಮಾಮೂಲಿ ಸ್ವಿಚ್‌ಗೆ ಈ ಕ್ರಮ ಪಾಲಿಸಲು ಬರುವುದಿಲ್ಲ.

ಶಿಳ್ಳೆಯ ಬಗ್ಗೆ ನನಗೆ ಅನುಮಾನ ನಿಮ್ಮ ಎಲ್‌ಇಡಿ ಮೇಲೆ. ಅನಲಾಗ್‌ರೈಟ್ ಎಲ್‌ಇಡಿಯನ್ನು ಸೆಕೆಂಡಿಗೆ ಸುಮಾರು 490 ಸಲ ಹಚ್ಚಿ ಆರಿಸುತ್ತದೆ. 5 ಮತ್ತು 6ನೇ ಪಿನ್‌ಗಳಲ್ಲಿ ಅದರ ಎರಡರಷ್ಟು. ಒಂದೇ ಅಡಾಪ್ಟರ್ ಇರುವುದರಿಂದ ಆ ಮಿಡಿತ ಪೆಡಲ್‌ಗಳ ಗ್ರೌಂಡ್‌ಗೂ ಸೇರುತ್ತದೆ. ಪರೀಕ್ಷೆ ಸುಲಭ. ಮೊದಲ ತಂತಿಯ 7ನೇ ಫ್ರೆಟ್ ನುಡಿಸಿ, ಅದು 494 ಹರ್ಟ್ಸ್. ಶಿಳ್ಳೆ ಅದಕ್ಕಿಂತ ಒಂದೆಳೆ ಇಳಿದು ಕೇಳಿದರೆ ಕಳ್ಳ ಸಿಕ್ಕಂತೆ. (19ನೇ ಫ್ರೆಟ್‌ಗೆ ಹತ್ತಿರವಿದ್ದರೆ 5 ಅಥವಾ 6ನೇ ಪಿನ್.) ಬೆಳಕು ಇಳಿಸಲು ಅನಲಾಗ್‌ರೈಟ್ ಬೇಕಿಲ್ಲ, ಎಲ್‌ಇಡಿ ಜೊತೆಗಿನ ರೆಸಿಸ್ಟರನ್ನು 4.7 ಕಿಲೋಓಮ್ ಮಾಡಿದರಾಯಿತು. ಸ್ವಿಚರ್‌ಗೆ ಬೇರೆಯೇ ಅಡಾಪ್ಟರ್ ಕೊಟ್ಟರೆ ಇನ್ನೂ ಒಳ್ಳೆಯದು. ರಿಲೇ ಕಾಯಿಲ್‌ಗಳ ಗ್ರೌಂಡ್ ತಂತಿಯನ್ನು ಆಡಿಯೊ ಗ್ರೌಂಡ್ ಮೇಲೆ ಹಾಯಿಸದೆ ನೇರ ಪವರ್ ಜ್ಯಾಕ್‌ಗೆ ತನ್ನಿ.

ನಿಮ್ಮ ನಾಲ್ಕರಲ್ಲಿ ಡಿಲೇ ಪೆಡಲ್ ಇದ್ದರೆ, ಲೂಪ್ ಆಫ್ ಆದೊಡನೆ ಅದರ ಪ್ರತಿಧ್ವನಿಯ ಬಾಲ ಕತ್ತರಿಸಿ ಹೋಗುತ್ತದೆ. ಅದು ನಿಮ್ಮ ತಪ್ಪಲ್ಲ, ಈ ವಿಧಾನವೇ ಹಾಗೆ. ಬಾಲ ಬೇಕೇ ಬೇಕೆಂದರೆ ಆ ಒಂದನ್ನು ಲೂಪ್‌ನಿಂದ ಹೊರಗಿಡಿ. ಬಾಲ ಉಳಿಸುವ ಸೌಲಭ್ಯ ಅದರಲ್ಲೇ ಇದ್ದರೆ, ಅದರ ಸ್ವಂತ ಸ್ವಿಚ್‌ನಲ್ಲೇ ನಡೆಸಿಕೊಳ್ಳಿ.