ಬಾಣಕ್ಕೆ ಹಕ್ಕಿಯ ಗರಿ ಹಾಕಲೋ, ಪ್ಲಾಸ್ಟಿಕ್ ಹಾಕಲೋ?

ನಿಮ್ಮ ಊರು ರಾಣೆಬೆನ್ನೂರು, ಈಗ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಈ ಸಲ ಬಿಲ್ಲಿನಿಂದ ಜಿಂಕೆ ಬೇಟೆಗೆ ಲೈಸೆನ್ಸ್ ಸಿಕ್ಕಿದೆ ಎಂದಿದ್ದೀರಿ. ಬಾಣದ ಬಾಲಕ್ಕೆ ಹಕ್ಕಿಯ ಗರಿ ಒಳ್ಳೆಯದೋ, ಗರಿಯ ಬದಲು ಅಂಟಿಸುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ವೇನ್, ಒಳ್ಳೆಯದೋ, ಊರಿಂದ ನವಿಲುಗರಿ ತರಿಸಿದರೆ ನಡೆಯುತ್ತದಾ ಎಂಬುದು ನಿಮ್ಮ ಪ್ರಶ್ನೆ. ನಾನು ಧಾರವಾಡದಲ್ಲಿ ಗುರಿಹಲಗೆಗೆ ಬಾಣ ಬಿಡುವವನು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇರುವಾಗ ಬೇಟೆಯ ಮಾತೇ ಇಲ್ಲ. ಆದರೆ ಬಿಲ್ಲಿನಿಂದ ಬಾಣ ಹೊರಡುವ ರೀತಿ ಎಲ್ಲಿದ್ದರೂ ಒಂದೇ ಅಲ್ವಾ?

ಇದನ್ನು ಯಾರಿಗೆ ಕೇಳಿದರೂ ಮೊದಲು ಮಳೆಯ ಮಾತು ತೆಗೆಯುತ್ತಾರೆ. ನಾನು ಕೇಳುವುದು ಬೇರೆ: ನಿಮ್ಮ ಬಿಲ್ಲಿನಲ್ಲಿ ಬಾಣ ಎಲ್ಲಿ ಕೂರುತ್ತದೆ?

ಲಾಂಗ್‌ಬೋ ಅಥವಾ ಹಳೇ ಮಾದರಿಯ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಆದರೆ ಹಿಡಿಕೆಯ ಮೇಲೆ ಕೊರೆದ ಸಣ್ಣ ಕಟ್ಟೆ, ಅಂದರೆ ಶೆಲ್ಫ್ ಮೇಲೇ ಬಾಣ ಇಡುತ್ತೀರಿ. ಬಿಟ್ಟಾಗ ಬಾಲ ಅದನ್ನು ಉಜ್ಜಿಕೊಂಡೇ ಹೋಗುತ್ತದೆ. ಹಕ್ಕಿಯ ಗರಿ ಅಲ್ಲಿ ಮಡಚಿಕೊಂಡು, ದಾಟಿದ ಕೂಡಲೇ ಎದ್ದು ನಿಲ್ಲುತ್ತದೆ. ಪ್ಲಾಸ್ಟಿಕ್ ಅಷ್ಟು ಬಗ್ಗುವುದಿಲ್ಲ. ತಾಗಿದರೆ ಬಾಣದ ಬಾಲವನ್ನೇ ಪಕ್ಕಕ್ಕೆ ತಳ್ಳುತ್ತದೆ. ಆಮೇಲೆ ನಿಮ್ಮ ಗುರಿ ಎಷ್ಟೇ ಚೆನ್ನಾಗಿದ್ದರೂ ಬಾಣ ಓಲಾಡುತ್ತಲೇ ಹೋಗುತ್ತದೆ. ಹಾಗಾಗಿ ಶೆಲ್ಫ್ ಮೇಲಿಂದ ಬಿಡುವವರು ಬೇರೇನೂ ಯೋಚಿಸದೆ ಹಕ್ಕಿಯ ಗರಿಯನ್ನೇ ಹಾಕಿ.

ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲಿಗೆ, ಬಾಣ ಹೊರಟ ತಕ್ಷಣ ಕೆಳಗೆ ಬೀಳುವ ರೆಸ್ಟ್ (ಬಾಣ ಕೂರುವ ಆಸರೆ) ಇದ್ದರೆ ಬಾಲಕ್ಕೆ ಏನೂ ತಾಗುವುದಿಲ್ಲ. ಅಲ್ಲಿ ಪ್ಲಾಸ್ಟಿಕ್ ಹಾಕಿ, ನಿಶ್ಚಿಂತೆಯಿಂದಿರಿ.

ಬೇಟೆಯಲ್ಲಿ ಇನ್ನೊಂದು ವಿಷಯ ಇದೆ. ಅಗಲ ಬ್ಲೇಡಿನ ಬ್ರಾಡ್‌ಹೆಡ್ ಮೊನೆಯೂ ಗಾಳಿಯನ್ನು ಹಿಡಿಯುತ್ತದೆ, ಮುಂದಿನಿಂದ ಬಾಣವನ್ನು ತಿರುಗಿಸಲು ನೋಡುತ್ತದೆ. ಅದನ್ನು ಮೀರಿಸುವ ಹಿಡಿತ ಬಾಲಕ್ಕೆ ಬೇಕು. ಗರಿಯ ಮೈ ಒರಟು, ಗಾಳಿಯ ಎಳೆತ ಜಾಸ್ತಿ, ಅದರಿಂದ ಬಾಣ ಬೇಗ ನೇರವಾಗುತ್ತದೆ. ತೂಕವೂ ಕಡಿಮೆ: ನಾಲ್ಕಿಂಚಿನ ಮೂರು ಗರಿ ಸೇರಿದರೆ ಸುಮಾರು 8ರಿಂದ 10 ಗ್ರೇನ್, ಒಂದು ಗ್ರಾಂ ಕೂಡ ಇಲ್ಲ. ಅದೇ ಅಳತೆಯ ಪ್ಲಾಸ್ಟಿಕ್ ಇದರ ಎರಡು ಮೂರು ಪಟ್ಟು ತೂಗುತ್ತದೆ. ದೂರ ಹೋದಂತೆ ಗರಿಯ ಬಾಣ ವೇಗ ಕಳೆದುಕೊಳ್ಳುತ್ತದೆ ನಿಜ, ಆದರೆ ಜಿಂಕೆಗೆ ಯಾರೂ ಅಷ್ಟು ದೂರದಿಂದ ಬಿಡಬಾರದು. ಪ್ಲಾಸ್ಟಿಕ್ ಹಾಕಿದರೂ ನೇರವಾಗಿ ಅಂಟಿಸಬೇಡಿ, ಹೆಲಿಕಲ್ ತಿರುವು ಕೊಡಿ, ಅಂದರೆ ಬಾಣದ ಸುತ್ತ ಸ್ವಲ್ಪ ತಿರುಚಿ ಅಂಟಿಸಿ.

ಗರಿಯ ಬಾಣ ಹಾರುವಾಗ ಸುಯ್ಯೆಂದು ಸದ್ದು ಮಾಡುತ್ತದೆ. ಜಿಂಕೆಯ ಕಿವಿ ಗೊತ್ತಲ್ಲ, ಗರಿಯ ನಿಜವಾದ ಕೊರತೆ ಇದು.

ಇನ್ನು ಮಳೆ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಗರಿ ಒದ್ದೆಯಾಗಿ ಬಾಣಕ್ಕೇ ಅಂಟಿಕೊಳ್ಳುತ್ತದೆ. ನೀರು ಹತ್ತದಂತೆ ಮಾಡುವ ಪುಡಿ ಸಿಗುತ್ತದೆ, ಸವರಿದರೆ ಒಂದಷ್ಟು ಹೊತ್ತು ತಡೆಯುತ್ತದೆ. ಕೆಳಗೆ ಬೀಳುವ ರೆಸ್ಟ್ ಇದ್ದು ಇಡೀ ದಿನ ಮಳೆಯಲ್ಲೇ ಕೂರುವವರಿಗೆ ಪ್ಲಾಸ್ಟಿಕ್ಕೇ ಸರಿ. ನಜ್ಜುಗುಜ್ಜಾದ ಗರಿಯನ್ನು ಮಾತ್ರ ಸುಮ್ನೆ ಎಸೆಯಬೇಡಿ. ಚಹಾದ ನೀರು ಕುದಿಯುವಾಗ ಆ ಹಬೆಗೆ ಹಿಡಿದು ಬಾಣವನ್ನು ಮೆಲ್ಲಗೆ ತಿರುಗಿಸಿ. ಮುದುಡಿದ ಎಳೆಗಳು ಕಣ್ಣೆದುರೇ ಎದ್ದು ನಿಲ್ಲುತ್ತವೆ. ಸೀಳಿ ಬೇರೆಯಾದ ಎಳೆಗಳನ್ನು ಎರಡು ಬೆರಳ ನಡುವೆ ಬುಡದಿಂದ ತುದಿಗೆ ನೀವಿದರೆ ಅವುಗಳ ಸಣ್ಣ ಕೊಕ್ಕೆಗಳು ಮತ್ತೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಸೀಸನ್ ಮುಗಿದ ಮೇಲೆ ಡಬ್ಬಿಯಲ್ಲಿ ನುಸಿಗುಳಿಗೆ ಹಾಕಿಡಿ, ಇಲ್ಲದಿದ್ದರೆ ಹುಳ ತಿನ್ನುತ್ತದೆ.

ನವಿಲುಗರಿಯ ಆಸೆ ಬಿಡಿ. ನೀವು ಹೇಳುತ್ತಿರುವ ಕಣ್ಣಿನ ಗರಿಯಲ್ಲಿ ಎಳೆಗಳು ಬಿಡಿಬಿಡಿಯಾಗಿ ಜೋತಾಡುತ್ತವೆ. ಗಾಳಿಯನ್ನು ತಡೆಯುವ ಗಟ್ಟಿ ಹಾಳೆಯಂತೆ ಅದು ನಿಲ್ಲುವುದೇ ಇಲ್ಲ. ಅದಲ್ಲದೆ ನಿಮ್ಮ ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆ ನವಿಲುಧಾಮ, ಅಲ್ಲಿಂದ ಆರಿಸಿ ತರುವ ಹಾಗಿಲ್ಲ. ನವಿಲುಗರಿಯನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೂ ನಿಷೇಧ ಇದೆ.

ಅಂಗಡಿಯಲ್ಲಿ ಸಿಗುವುದು ಟರ್ಕಿ ಕೋಳಿಯ ರೆಕ್ಕೆಯ ಗರಿ. ಎಡರೆಕ್ಕೆಯದು ಒಂದು ಕಡೆ ಬಾಗಿರುತ್ತದೆ, ಬಲರೆಕ್ಕೆಯದು ಇನ್ನೊಂದು ಕಡೆ. ಯಾವುದಾದರೂ ನಡೆಯುತ್ತದೆ, ಆದರೆ ಒಂದೇ ಬಾಣಕ್ಕೆ ಎರಡನ್ನೂ ಬೆರೆಸುವಂತಿಲ್ಲ. ಅಂಟಿಸುವಾಗ ಗರಿಯನ್ನು ಹಿಡಿದಿಡುವ ಸಾಧನ, ಅಂದರೆ ಜಿಗ್‌ನ ತಿರುವೂ ಅದೇ ಕಡೆಯದಿರಬೇಕು. ಆರ್ಡರ್ ಹಾಕುವ ಮೊದಲು ನಿಮ್ಮ ಹತ್ತಿರ ಇರುವ ಜಿಗ್ ಎಡದ್ದೋ ಬಲದ್ದೋ ನೋಡಿಕೊಳ್ಳಿ. ಬಿಲ್ಲು ಯಾವುದು ಅಂತ ನೀವು ಬರೆದೇ ಇಲ್ಲ, ಅದನ್ನು ತಿಳಿಸಿದರೆ ಗರಿ ಎಷ್ಟು ಉದ್ದ ಬೇಕು ಅಂತಲೂ ಹೇಳುತ್ತೇನೆ.